ಎಮ್ಮೆ ನುಡಿದ ಸಾಕ್ಷಿ

ಮೊನ್ನೆ ಸಿಂದಗಿಯಲ್ಲಿ ಯಾರದೋ ಕೊಟ್ಟಿಗೆಯ ಪಕ್ಕ ಹಾದುಹೋಗುವಾಗ ನೆನೆಸಿದ ಹತ್ತಿಕಾಳಿನ ವಾಸನೆ ಮೂಗಿಗೆ ಬಡಿಯಿತು. ಕಾಲುಗಳು ಅಲ್ಲೇ ನಿಂತವು. ಹೂವಿನ ಹಿಪ್ಪರಗಿಯ ನಮ್ಮ ಪಕ್ಕದ ಮನೆಯ ಅಜ್ಜಿ, ನಾವೆಲ್ಲ ಆಯಿ ಎಂದು ಕರೆಯುತ್ತಿದ್ದವಳು, ನೆನಪಾದಳು...

ಅವಳು ದಿನಾ ಸಂಜೆ ಎಮ್ಮೆಗೆ ಹತ್ತಿಕಾಳು ಇಟ್ಟು, ಹಾಲು ಹಿಂಡುತ್ತಾ ಕಥೆ ಹೇಳುತ್ತಿದ್ದಳು. ಓಣಿಯ ಮಕ್ಕಳೆಲ್ಲ ಸುತ್ತ ಕೂತು ಹೂಂಗುಟ್ಟಬೇಕು, ಇಲ್ಲದಿದ್ದರೆ ಕಥೆ ನಿಂತಿತೆಂದೇ ಅರ್ಥ. ಎಲ್ಲವೂ ಮೋಸಗಾರರ ಕಥೆಗಳೇ. ನಮಗೆ ಬಹಳ ಸೇರುತ್ತಿದ್ದದ್ದು ಕದ್ದ ಆಕಳ ಕಥೆ. ಆಕಳು ತನ್ನದೇ ಎಂದು ಕಳ್ಳ ವಾದಿಸುತ್ತಾನೆ. ಹಿರಿಯರು ಹಗ್ಗ ಬಿಚ್ಚಿಸುತ್ತಾರೆ. ಆಕಳು ನೆಟ್ಟಗೆ ನಿಜವಾದ ಒಡತಿಯ ಹತ್ತಿರ ಓಡುತ್ತದೆ. ಕಳ್ಳನ ಮುಖ ಹುಳ್ಳಗಾಗುತ್ತದೆ. ನಾವು ಚಪ್ಪಾಳೆ ತಟ್ಟುತ್ತಿದ್ದೆವು.

ಮುಂದೆ ಆಯಿಗೆ ಮೊಣಕಾಲು ನೋವು ಹತ್ತಿಕೊಂಡಿತು. ಮೇವು ತರಲಾಗದೆ ಎಮ್ಮೆಯನ್ನು ಮೈದುನನಿಗೆ ಪಾಲಿಗೆ ಕೊಟ್ಟಳು. ಸಾಕುವವನು ಅವನು, ಹಾಲು ಅರ್ಧರ್ಧ. ಗಂಡ, ಮಕ್ಕಳು ಯಾರೂ ಇಲ್ಲದ ಅವಳ ಒಲೆ ಉರಿಯುತ್ತಿದ್ದದ್ದು ಆ ಹಾಲಿನಿಂದಲೇ. ಮರುವರ್ಷ ಆ ಪುಣ್ಯಾತ್ಮ ಹಾಲು ಕೊಡುವುದನ್ನೇ ನಿಲ್ಲಿಸಿದ. ನಿನ್ನ ಎಮ್ಮೆ ಸತ್ತುಹೋಯಿತು, ಇದು ನಾನು ಕೊಂಡದ್ದು ಎಂದ. ಅದರ ಹಣೆಯ ಬಿಳಿ ಚುಕ್ಕೆ ನಮಗೆಲ್ಲ ಗುರುತಿತ್ತು. ಆದರೆ ಮಕ್ಕಳ ಮಾತು ಕೇಳುವವರು ಯಾರು?

ಹಿರಿಯರು ಗುಡಿ ಕಟ್ಟೆಯ ಮೇಲೆ ಕೂತು ವಿಚಾರಣೆ ಮಾಡಿದಾಗ ಆಯಿ ತಾನಾಗಿಯೇ ಹೇಳಿದಳು: “ಹಗ್ಗ ಬಿಚ್ಚರಿ. ಅದು ಯಾರ ಕಡಿ ಹೋಗತೈತೋ ಅವರದ.”

ನಮಗಂತೂ ಎಮ್ಮೆ ಬಂದೇಬಿಟ್ಟಿತು ಎನ್ನುವಷ್ಟು ಖುಷಿ. ಆಯಿ ಕೈ ಚಾಚಿ, “ಬಾ ನನ್ನವ್ವಾ,” ಎಂದು ಕರೆದಳು. ಎಮ್ಮೆ ಕಿವಿ ಅಲ್ಲಾಡಿಸಿ ಅವಳನ್ನು ನೋಡಿತು. ಆಮೇಲೆ ನಿಧಾನವಾಗಿ ತಿರುಗಿ, ವರ್ಷವಿಡೀ ಮೇವು ಹಾಕಿದ ಮೈದುನನ ಹತ್ತಿರ ಹೋಗಿ ನಿಂತಿತು.

“ನೀನ ಹೇಳಿದ್ದಿ, ಆಯಿ. ಇನ್ನ ಮುಗೀತ ನೋಡು,” ಎಂದು ಹಿರಿಯರೊಬ್ಬರು ಧೋತರ ಕೊಡವಿಕೊಂಡು ಎದ್ದರು.

ಕೆಲವು ದಿನ ಬಿಟ್ಟು, ಖಾಲಿ ಗೂಟದ ಹತ್ತಿರ ಕೂತಿದ್ದವಳನ್ನು ಕಥೆ ಹೇಳು ಎಂದು ಕಾಡಿದೆ.

“ಮೋಸ ಮಾಡಿದಾಕಿ ನಾನ, ತಂಗಿ,” ಎಂದಳು. “ನಿಮಗೆಲ್ಲಾ ಸುಳ್ಳ ಕಥಿ ಹೇಳೇನಿ.”

ಮೈದುನನನ್ನು ಒಂದು ಮಾತೂ ಬೈಯಲಿಲ್ಲ. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಅದಕ್ಕೇ.

ಆಯಿ ಹೋಗಿ ಎಷ್ಟೋ ವರ್ಷಗಳಾದವು... ಈಗ ನನ್ನ ಮಗಳು ಕಥೆ ಹೇಳು ಎಂದು ಗಂಟುಬೀಳುತ್ತಾಳೆ. ಒಂದೆರಡು ಸಲ ಶುರು ಮಾಡಿಯೂ ನೋಡಿದೆ. ಮೋಸಗಾರ ಸಿಕ್ಕಿಬೀಳುವ ಜಾಗಕ್ಕೆ ಬಂದರೆ ಅಲ್ಲಿಗೇ ಬಿಟ್ಟು ಎದ್ದುಬಿಡುತ್ತೇನೆ. ನನಗೆ ಕಥೆ ಬರುವುದಿಲ್ಲ ಎಂದು ಅವಳಿಗೆ ಹೇಳಿಬಿಟ್ಟಿದ್ದೇನೆ.