ದೆವ್ವದ ಪಾದ

ಹೈಸ್ಕೂಲು ಮಕ್ಕಳಿಗಾಗಿ ನಾನೊಂದು ದೆವ್ವದ ಕಾದಂಬರಿ ಬರೆದಿದ್ದೆ. ತೀರಿಕೊಂಡ ತಾಯಿಯೊಬ್ಬಳು ಹಾಸ್ಟೆಲಿನಲ್ಲಿರುವ ಮಗಳನ್ನು ನೋಡಲು ಪ್ರತಿ ಭಾನುವಾರ ಬರುವ ಕಥೆ. ಪ್ರಕಾಶಕರು ಅದನ್ನು ಚಿತ್ರಕಾದಂಬರಿ ಮಾಡೋಣ ಎಂದರು. "ಈಗಿನ ಹುಡುಗ್ರು ಬರೀ ಅಕ್ಷರ ಓದಂಗಿಲ್ರೀ" ಎಂದಾಗ ಮೈಯುರಿದರೂ ಒಪ್ಪಿಕೊಂಡೆ. ಚಿತ್ರ ಬರೆಯಲು ಗಬ್ಬೂರಿನ ಒಬ್ಬ ಹುಡುಗಿ ಸಿಕ್ಕಳು, ಚಿತ್ರಕಲೆ ಓದಿ ಮುಗಿಸಿದವಳು.

ಮೊದಲ ಹತ್ತು ಪುಟ ಮೊಬೈಲಿಗೆ ಬಂದವು. ನೋಡಿ ತಲೆ ಕೆಟ್ಟಿತು. ತಾಯಿಯ ಎರಡೂ ಪಾದ ಹಿಂದುಮುಂದು! ನಾನು ಕಾದಂಬರಿಯಲ್ಲಿ ಪಾದದ ಮಾತೇ ಎತ್ತಿರಲಿಲ್ಲ. ಫೋನಿನಲ್ಲಿ ಜಗಳವಾಡಿದರೆ ನನಗೆ ಸಮಾಧಾನವಾಗುವುದಿಲ್ಲ, ಎದುರಿಗೇ ಆಗಬೇಕು. ಶನಿವಾರ ಬೆಳಗಿನ ಶಾಲೆಯಲ್ಲಿ ನನ್ನ ಪಾಠ ಮುಗಿಸಿ, ರಾಯಚೂರಿನಲ್ಲಿ ದೇವದುರ್ಗದ ಬಸ್ಸು ಹತ್ತಿ ಗಬ್ಬೂರಿನಲ್ಲಿ ಇಳಿದೆ.

ಹುಡುಗಿ ಪಡಸಾಲೆಯಲ್ಲಿ ತೊಡೆಯ ಮೇಲೆ ಟ್ಯಾಬ್ ಇಟ್ಟುಕೊಂಡು ಕೂತಿದ್ದಳು.

"ಬರ್ರಿ ಮೇಡಂರೀ, ಚಾ ಇಡಸ್ತೀನಿ."

"ಚಾ ಪಾ ಏನೂ ಬ್ಯಾಡ. ಮೊದ್ಲು ಈ ಪಾದ ಸರಿ ಮಾಡು."

"ದೆವ್ವಕ್ಕ ಪಾದ ಹಿಂದ್ಮುಂದನ ಇರತಾವಲ್ರೀ. ನೆಟ್ಟಗ ತಗದ್ರ ನಮ್ಮೂರ ಹುಡುಗ್ಯಾರು ನಗತಾರ. ಇದ್ಯಾವ ಸೀಮಿ ದೆವ್ವ ಅಂತಾರ."

"ನಕ್ರ ನಗ್ಲಿ ಬಿಡು! ಆಕಿ ದೆವ್ವ ಅಲ್ಲ, ನಮ್ಮವ್ವ!"

ಬಾಯಿ ತಪ್ಪಿ ಬಂದ ಮಾತು. ಪ್ರಕಾಶಕರಿಗೂ ಇದನ್ನು ಹೇಳಿರಲಿಲ್ಲ. ನಾನು ಮಾನ್ವಿಯ ಹಾಸ್ಟೆಲಿನಲ್ಲಿದ್ದು ಎಂಟನೆಯ ತರಗತಿ ಓದುವಾಗ ಅವ್ವ ತೀರಿಕೊಂಡಳು. ಪರೀಕ್ಷೆ ಕೆಡುತ್ತದೆಂದು ಯಾರೂ ನನಗೆ ಹೇಳಿಕಳಿಸಲಿಲ್ಲ, ಕೊನೆಗೆ ಅವಳ ಮುಖ ಸಹ ನಾನು ನೋಡಲಿಲ್ಲ. ಆ ಸಿಟ್ಟಿನಲ್ಲೇ ಬರೆದ ಕಾದಂಬರಿ ಅದು. ಅಂಥವಳ ಕಾಲು ತಿರುಚಿ ಮಕ್ಕಳನ್ನು ಅಂಜಿಸುವುದು ನನಗೆ ಸೇರಲಿಲ್ಲ.

ಹುಡುಗಿ ಟ್ಯಾಬಿನಲ್ಲಿ ಹೊಸ ಪುಟ ತೆರೆದು, "ಅವ್ವಾರ್ದು ಫೋಟೊ ಅದ ಏನ್ರೀ?" ಎಂದಳು.

ಇತ್ತು, ಯಾರದೋ ಮದುವೆಯ ಗುಂಪಿನಲ್ಲಿ, ಎದೆಮಟ್ಟದ್ದು.

"ಹಂಗಾರ ಪಾದ ಹೆಂಗಿದ್ವು, ನೀವ ಹೇಳ್ರಿ."

ಹೇಳಲು ಕೂತರೆ ಬೆರಳುಗಳು ನೆನಪಿಗೇ ಬರಲೊಲ್ಲವು. ಕಾಲುಂಗುರ ಎಂಥದಿತ್ತು, ಅದೂ ಗೊತ್ತಿಲ್ಲ. ಎಂಥ ಮಗಳು ನಾನು ಎಂದು ನಾಚಿಕೆಯಾಯಿತು. ನೆನಪಿದ್ದದ್ದು ಹಿಮ್ಮಡಿ ಮಾತ್ರ. ನಮ್ಮೂರು ಕಲ್ಲೂರಿನಲ್ಲಿ ಹತ್ತಿ ಬಿಡಿಸಲು ಹೋಗುವಾಗ ಬದುವಿನ ಮೇಲೆ ಯಾವಾಗಲೂ ಅವ್ವ ಮುಂದೆ, ನಾನು ಹಿಂದೆ. ಎರೆಮಣ್ಣು ಕೂತು ಕಪ್ಪಾದ ಬಿರುಕುಗಳು, ಎಡಗಾಲಿನದು ಬಹಳ ಆಳ, ಅದಕ್ಕೆ ಮೇಣ ಕಾಸಿ ತುಂಬುತ್ತಿದ್ದಳು. ಜೋರಾಗಿ ನಡಿ ಯವ್ವಾ ಎಂದು ಹಿಂತಿರುಗಿ ನೋಡದೆಯೇ ಕೂಗುತ್ತಿದ್ದಳು. ನಾನು ಹೇಳುತ್ತಾ ಹೋದೆ, ಹುಡುಗಿ ಬರೆಯುತ್ತಾ ಹೋದಳು. ಆಕೆಯ ತಾಯಿ ತಂದಿಟ್ಟ ಚಹಾ ಕುಡಿದೆ.

ಆಮೇಲೆ ಟ್ಯಾಬ್ ನನ್ನ ಕಡೆ ತಿರುಗಿಸಿದಳು. ಹಾಸ್ಟೆಲಿನ ಗೇಟು, ಮಧ್ಯಾಹ್ನದ ಬಿಸಿಲು, ಎದುರಿನಿಂದ ಅವ್ವ ನಡೆದು ಬರುತ್ತಿದ್ದಾಳೆ. ಮುಖ ನನ್ನ ಕಡೆಗೆ, ಪಾದ ಮಾತ್ರ ಹಿಂದುಮುಂದು. ಹಾಗಾಗಿ ನನಗೆ ಕಂಡದ್ದು ಹಿಮ್ಮಡಿಗಳೇ, ಎಡಗಾಲಿನಲ್ಲಿ ಆ ಬಿರುಕು.

"ನೆಟ್ಟಗ ಮಾಡ್ಲೇನ್ರೀ?"

"ಬ್ಯಾಡವ್ವಾ, ಹಿಂಗ ಇರ್ಲಿ" ಎಂದೆ. ಆ ಹಿಮ್ಮಡಿಗಳು ನನ್ನ ಕಡೆಗೆ ಬರುವುದನ್ನು ನಾನು ಎಂದೂ ನೋಡಿರಲಿಲ್ಲ.