ಹಗೇವಿಗೆ ಇಳಿಸಿದ ದೀಪ

ಇವತ್ತು ಬೆಳಿಗ್ಗೆ ಮಂಡ್ಯದ ಮನೆಯಲ್ಲಿ, ಅಂಗಡಿಯಿಂದ ತಂದ ರಾಗಿಹಿಟ್ಟಿನ ಪೊಟ್ಟಣ ಬಿಚ್ಚಿ ಮೂಸಿದೆ. ಯಾವ ವಾಸನೆಯೂ ಇರಲಿಲ್ಲ. ಹಿಟ್ಟು ಮೂಸುವ ಚಟ ನನಗೆ ಹೇಗೆ ಹತ್ತಿತೆಂದು ಹೇಳಬೇಕಾದರೆ ನಿಮ್ಮನ್ನು ಮಳವಳ್ಳಿ ಕಡೆಗೆ ಕರೆದೊಯ್ಯಬೇಕು.

ಬಜೆಟ್ ದಿನ ಪತ್ರಿಕೆಯವರಾದ ನಮಗೆ ಒಂದು ವ್ರತವಿದೆ. ಭಾಷಣ ಮುಗಿಯುತ್ತಲೇ ರೈತರೊಬ್ಬರ ಪ್ರತಿಕ್ರಿಯೆ ತರಬೇಕು. ಹತ್ತಿರದ ಗೆಜ್ಜಲಗೆರೆಯಲ್ಲಿ ಕಾರ್ಖಾನೆಯ ಪಾಳಿ ಮುಗಿಸಿ ಬರುವವರನ್ನು ನಿಲ್ಲಿಸಿದರೂ ಸಾಕು, ಅವರಲ್ಲಿ ಅರ್ಧ ಜನ ರೈತರೇ. ನಾನು ಮಾತ್ರ ಮದ್ದೂರಿನಲ್ಲಿ ಬಸ್ಸು ಬದಲಿಸಿ ದೇವೀರಮ್ಮ ಎಂಬ ರೈತ ಮುದುಕಿಯ ಊರಿಗೆ ಹೋಗುತ್ತಿದ್ದೆ. ವೃತ್ತಿನಿಷ್ಠೆ ಎಂದುಕೊಳ್ಳಬೇಡಿ. ಅವಳು ಬಡಿಸುತ್ತಿದ್ದ ಮುದ್ದೆ, ಉಪ್ಪೆಸರು ಕಾರಣ.

ನಾಲೆಯ ನೀರು ತಲುಪದ ಊರು ಅದು. ಅವಳದು ತುಂಡು ಹೊಲ. ಮನೆಯಲ್ಲಿ ಗಂಡ ಸತ್ತ ಸೊಸೆ, ಇಬ್ಬರು ಮೊಮ್ಮಕ್ಕಳು. ಹಿತ್ತಲಲ್ಲಿ ದೇವೀರಮ್ಮನ ಮಾವ ಅಗೆಸಿದ ಹಗೇವು, ಎಂದರೆ ನೆಲದೊಳಗಿನ ಕಣಜ. ರಾಗಿ ತುಂಬಿ, ಹುಲ್ಲು ಒತ್ತಿ, ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡದು. ತೆರೆದರೆ ಮಾತ್ರ ಪೂರ್ತಿ ತೆಗೆಯಬೇಕು, ಗಾಳಿಯಾಡಿದ ರಾಗಿ ಒಳಗೆ ಉಳಿಯದು. ತೆರೆದ ಮೇಲೂ ಹಗ್ಗ ಕಟ್ಟಿ ದೀಪ ಇಳಿಸಿ ನೋಡುತ್ತಾರೆ. ದೀಪ ಆರಿದರೆ ಒಳಗೆ ಉಸಿರಿಲ್ಲ, ಯಾರೂ ಇಳಿಯುವಂತಿಲ್ಲ. ಮಳೆ ಹೋದ ವರ್ಷಕ್ಕೆಂದೇ ಕಾದಿಟ್ಟ ರಾಗಿ ಅದು.

ಒಂದು ವರ್ಷದ ಬಜೆಟ್ಟಿನಲ್ಲಿ, ಸಣ್ಣ ರೈತರ ರಾಗಿಯನ್ನು ಬೆಂಬಲ ಬೆಲೆಗೆ ಕೊಂಡು ಪಡಿತರದಲ್ಲಿ ಹಂಚುತ್ತೇವೆ ಎಂದರು. ಕೆಲವು ತಿಂಗಳ ನಂತರ ಆ ದಾರಿಯಲ್ಲಿ ಹೋದಾಗ ಹಗೇವು ತೆರೆದಿತ್ತು. ಅವಳ ಮೈದುನ ನಿಂಗಯ್ಯ ಒಳಗಿನಿಂದ ಕುಕ್ಕೆ ತುಂಬಿ ಕೊಡುತ್ತಿದ್ದ. ಹಿತ್ತಲೆಲ್ಲ ಹಳೆಯ ಮಣ್ಣಿನ ಘಮಲು.

"ಎಲ್ಲಾನೂ ತೆಗೀತಿದ್ದೀರಾ?" ಎಂದೆ.

"ಅರ್ಧ ತೆಗ್ದು ಮುಚ್ಚಕ್ಕೆ ಇದೇನ್ ಉಪ್ಪಿನ್‌ಕಾಯ್ ಜಾಡಿಯಾ, ಪೇಪರಪ್ಪ?" ಎಂದಳು ದೇವೀರಮ್ಮ. "ಗೌರ್ಮೆಂಟೇ ತಕತದಂತೆ, ಗೌರ್ಮೆಂಟೇ ತಿರ್ಗಾ ಕೊಡ್ತದಂತೆ. ಇನ್ನೂ ಕಾಯ್ಕಂಡ್ ಕುಂತಿರಕ್ಕೆ ನಾನೇನ್ ನಿಧಿ ಮ್ಯಾಲಿನ್ ಸರ್ಪವಾ?"

ನಿಂಗಯ್ಯ ಗುಂಡಿಯಿಂದ ತಲೆಯೆತ್ತಿದ. "ಅಗೇವ್ಗೆ ದೀಪ ಇಳ್ಸಿ ನೋಡುದ್ವಿ. ಅವ್ರ ಮಾತ್ಗೂ ಒಂದ್ ಇಳ್ಸಿ ನೋಡ್ಬೇಕಿತ್ತು ಕಣತ್ಗೆ."

"ಬಾಯ್ ಮುಚ್ಕಂಡ್ ಕುಕ್ಕೆ ಕೊಡ್ಲಾ!"

ಖರೀದಿ ಕೇಂದ್ರ ತಡವಾಗಿ ಬಂತು. ಪಹಣಿಯಲ್ಲಿ ಮಾವನ ಹೆಸರಿತ್ತು. ಅಣ್ಣತಮ್ಮಂದಿರು ಬಾಯಿಮಾತಿನಲ್ಲೇ ಭಾಗ ಮಾಡಿಕೊಂಡು ಉಳುವುದು ಅಲ್ಲಿನ ರೂಢಿ. ಖಾತೆ ಬದಲಿಸಲು ಯಾರೂ ಹೋದವರಲ್ಲ. ಸತ್ತವರಿಂದ ಸರ್ಕಾರ ರಾಗಿ ಕೊಳ್ಳುವುದಿಲ್ಲ. ಅವಳು ಕಚೇರಿಗೆ ಅಲೆಯುತ್ತಿರುವಾಗಲೇ ನೋಂದಣಿ ಮುಗಿಯಿತು. ಮಳೆ ಹಿಡಿದು ಜಗಲಿಯ ಮೂಟೆಗಳು ಬೆವರಿದವು. ಒಂದಷ್ಟನ್ನು ವ್ಯಾಪಾರಿ ಉಪಕಾರ ಮಾಡಿದವನಂತೆ ಹೊತ್ತೊಯ್ದ. ಉಳಿದದ್ದನ್ನು ಬಿಸಿಲಿಗೆ ಹರವಿ ಉಂಡರು. ನಾನೂ ಒಮ್ಮೆ ಉಂಡೆ. ಮುದ್ದೆ ಮುಗ್ಗಲು ನಾತ ಹೊಡೆಯುತ್ತಿತ್ತು. ಮೊಮ್ಮಗಳು ತಟ್ಟೆ ದೂಡಿದಾಗ ದೇವೀರಮ್ಮ ಯಾರ ಮುಖವನ್ನೂ ನೋಡಲಿಲ್ಲ. ಅಂದಿನಿಂದ ನನಗೆ ಈ ಚಟ.

ಮುಂದಿನ ವರ್ಷ ಮಳೆ ಹೋಯಿತು. ಹಗೇವಿನಲ್ಲಿ ಏನೂ ಇರಲಿಲ್ಲ. ಪಡಿತರದ ಅಕ್ಕಿ ತಿಂಗಳ ಕೊನೆ ಮುಟ್ಟುತ್ತಿರಲಿಲ್ಲ. ಹಸಿವು ನೀಗಿಸಲೆಂದು ಬಂದ ಮಾತು ಆ ಮನೆಯ ಕಣಜ ಬರಿದು ಮಾಡಿ ಹೋಗಿತ್ತು. ಸುದ್ದಿಗೆ ಇಂಥದ್ದನ್ನು ಬರೆಯಲು ತಪ್ಪು ಮಾಡಿದವರೊಬ್ಬರು ಬೇಕು. ನಾನು ಹುಡುಕಿದೆ, ಎಲ್ಲರೂ ನಿಯಮದಂತೆಯೇ ನಡೆದಿದ್ದರು.

ಇವತ್ತು ಮತ್ತೆ ಬಜೆಟ್. ಮಧ್ಯಾಹ್ನ ಭಾಷಣ ಮುಗಿದ ಮೇಲೆ, ಊಟಕ್ಕೆ ಕೂರುವ ಮುಂಚೆ ಅವಳಿಗೆ ಫೋನು ಮಾಡಿದೆ. ಮೊದಲು ಹಗೇವಿನ ಬಗ್ಗೆ ಕೇಳಿದೆ.

"ಮಣ್ಣಾಕಿ ಮುಚ್ಚಿಸ್ಬುಟ್ಟೆ ಕಣಪ್ಪ. ಬರೀ ಗುಂಡಿ, ಐಕ್ಳು ಬಿದ್ಗಿದ್ದಾವು."

ಈ ಸಲದ ಬಜೆಟ್ ಹೇಗನ್ನಿಸಿತು ಎಂದೆ.

"ಚೆನ್ನಾಗದೆ ಅಂತ ಬರ್ಕೊ."

"ನಿಜ ಹೇಳು, ಅವ್ವ. ನಾಳೆ ನಾನೇ ಬರ್ತೀನಿ."



"ಬ್ಯಾಡ ಕಣಪ್ಪ, ಬರ್ಬ್ಯಾಡ. ಬಂದೋರ್ಗೆ ಉಣ್ಣಕ್ಕೆ ಇಕ್ದೆ ಕಳ್ಸಿ ಅಭ್ಯಾಸಿಲ್ಲ ನಂಗೆ. ಚೆನ್ನಾಗದೆ ಅಂತ್ಲೇ ಬರ್ಕೊಬುಡು."

ಫೋನಿಟ್ಟೆ. ಮೇಜಿನ ಮೇಲೆ ಮುದ್ದೆ ಹೊಗೆಯಾಡುತ್ತಿತ್ತು. ಅದನ್ನು ಮೂಸಿ ನೋಡಲಿಲ್ಲ, ಮುರಿಯಲೂ ಇಲ್ಲ.