ಓತೀಲಿಯಾಳ ಬಾಯಲ್ಲಿದ್ದ ಮಗು

ನಮ್ಮ ಹೋಟೆಲಿಗೆ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಮೊದಲ ವಾರದಲ್ಲೇ ನನ್ನ ಹತ್ತಿರ ಏದುಸಿರು ಬಿಡುತ್ತಾ ಓಡಿ ಬರುತ್ತಿದ್ದರು.

"ದೋನಾ ಇದಾಲಿನಾ, ಮೇಲ್ಗಡೆ ಖಾಲಿ ರೂಮಲ್ಲಿ ಯಾವ್ದೋ ಮಗು ಮಾತಾಡ್ತಿದೆ!"

"ಮಗುನೂ ಇಲ್ಲ, ಮಣ್ಣೂ ಇಲ್ಲ. ನಮ್ಮ ಓತೀಲಿಯಾ ಹಾಸಿಗೆ ಹಾಸ್ತಿದಾಳೆ. ಹೋಗು, ನಿನ್ ಕೆಲ್ಸ ನೋಡ್ಕೋ."

ಹೀಗೆ ಗದರಿ ಕಳಿಸುತ್ತಿದ್ದೆ. ಆದರೆ ಆ ಬಾಗಿಲ ಮುಂದೆ ಹಾದು ಹೋಗುವಾಗ ನಾನೂ ಮೆಲ್ಲಗೆ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದೆ. ಒಳಗಿರುವವಳು ಓತೀಲಿಯಾ ಎಂದು ಗೊತ್ತಿದ್ದೂ ಹೆದರಿಕೆಯಾಗುತ್ತಿತ್ತು.

ನಾವು ಪೋರ್ಚುಗಲ್ಲಿಗೆ ಸೇರಿದ ಮದೇರಾ ದ್ವೀಪದವರು. ಒಂದು ದ್ವೀಪದಲ್ಲಿ ಹೊಟ್ಟೆ ತುಂಬದೆ ಇನ್ನೊಂದು ದ್ವೀಪಕ್ಕೆ ಬಂದವರು. ಇಲ್ಲಿ ಇಂಗ್ಲಿಷರ ಜೆರ್ಸಿಯಲ್ಲಿ ಹೋಟೆಲುಗಳ ಹಾಸಿಗೆ ಹಾಸುವವರು, ತಟ್ಟೆ ತೊಳೆಯುವವರು, ಹೊಲದಲ್ಲಿ ಆಲೂಗಡ್ಡೆ ಕೀಳುವವರು ಎಲ್ಲ ನಮ್ಮವರೇ. ನಮ್ಮ ನಮ್ಮಲ್ಲಿ ಪೋರ್ಚುಗೀಸ್ ಆಡಿಕೊಂಡು ಬದುಕಬಹುದು. ಇಂಗ್ಲಿಷ್ ಬೇಕಾಗುವುದು ಸಂಬಳ ಕೊಡುವವರ ಹತ್ತಿರ, ಡಾಕ್ಟರ ಹತ್ತಿರ. ಅದನ್ನು ಒಬ್ಬೊಬ್ಬರು ಒಂದೊಂದು ಕಡೆ ಕಲಿತೆವು. ನನ್ನದು ಸಾಬೂನಿನ ಡಬ್ಬಿಗಳ ಮೇಲಿನ ಇಂಗ್ಲಿಷ್. ಅಡುಗೆಯ ಜುವೆನಾಲ್‌ನದು ಬರೀ ಬೈಗುಳದ ಇಂಗ್ಲಿಷ್. ಓತೀಲಿಯಾ ಮಾತ್ರ ತನ್ನ ಇಂಗ್ಲಿಷನ್ನು ಐದು ವರ್ಷದ ಒಂದು ಹೆಣ್ಣುಮಗುವಿನ ಬಾಯಿಂದ ಕಲಿತಿದ್ದಳು.

ಓತೀಲಿಯಾ ನನ್ನ ಮಗಳ ಜ್ಞಾನಸ್ನಾನಕ್ಕೆ ತಾಯಿಯಾಗಿ ನಿಂತವಳು. ಹಾಗಾಗಿ ನಾವಿಬ್ಬರೂ ಒಬ್ಬರನ್ನೊಬ್ಬರು ಕುಮಾದ್ರೆ ಎಂದೇ ಕರೆಯುವುದು. ಅವಳು ಹೋಟೆಲಿಗೆ ಬರುವುದಕ್ಕೆ ಮೊದಲು, ಪ್ರಾಯದಲ್ಲಿ, ವೆಲ್ಬಿ ಎಂಬ ಇಂಗ್ಲಿಷ್ ಮನೆತನದಲ್ಲಿ ಮಗು ನೋಡಿಕೊಳ್ಳುವ ಕೆಲಸಕ್ಕಿದ್ದಳು. ಮಗುವಿನ ಹೆಸರು ಹೆಟ್ಟಿ. ಓತೀಲಿಯಾಳಿಗೆ ಒಂದಕ್ಷರ ಇಂಗ್ಲಿಷ್ ಬರುತ್ತಿರಲಿಲ್ಲ. ಹೆಟ್ಟಿಗೆ ಅದೇ ಆಟ. ದಿನವಿಡೀ ಅವಳ ಬೆರಳು ಹಿಡಿದು ಮನೆ ತುಂಬ ಎಳೆದಾಡಿ, ಚಮಚ, ಕಿಟಕಿ, ಬೆಕ್ಕು, ಮಳೆ ಎಂದು ಒಂದೊಂದನ್ನೇ ಹೇಳಿಕೊಟ್ಟಿತು. ತಪ್ಪು ಹೇಳಿದರೆ ಸೊಂಟದ ಮೇಲೆ ಕೈಯಿಟ್ಟು ಬೈಯುತ್ತಿತ್ತು. ಓತೀಲಿಯಾ ಮಗುವಿನ ಮಾತನ್ನಷ್ಟೇ ಅಲ್ಲ, ಅದರ ರಾಗ, ಮುನಿಸು, ಮಾತಿನ ನಡುವೆ ಉಸಿರು ಎಳೆದುಕೊಳ್ಳುವ ರೀತಿ, ಎಲ್ಲವನ್ನೂ ಕಲಿತಳು. ಇಂಗ್ಲಿಷ್ ಎಂದರೆ ಹೀಗೇ ಎಂದುಕೊಂಡಿದ್ದಳು ಪಾಪ.

ಹೆಟ್ಟಿಗೆ ಏಳು ತುಂಬುವ ಮೊದಲೇ ಮಿದುಳು ಜ್ವರ ಬಂತು. ಎರಡೇ ದಿನದಲ್ಲಿ ಮಗು ಹೋಗಿಬಿಟ್ಟಿತು.

ನಮ್ಮ ಕಡೆ ಮಗು ಸತ್ತರೆ ಕಪ್ಪು ಉಡುವುದಿಲ್ಲ. ಮಗುವಿಗೆ ಬಿಳಿ ಬಟ್ಟೆ ಹಾಕಿ, ತಲೆಗೆ ಹೂವಿಟ್ಟು, ಹಬ್ಬದ ಗಂಟೆ ಬಾರಿಸುತ್ತಾರೆ. ಪಾಪವೇ ಇಲ್ಲದ ಮಗು, ನೇರ ದೇವದೂತ ಆಗುತ್ತದೆ. ತಾಯಿ ಅತ್ತರೆ ಅದರ ರೆಕ್ಕೆ ಒದ್ದೆಯಾಗಿ ಹಾರಲಾರದೆ ನಡುದಾರಿಯಲ್ಲಿ ಬೀಳುತ್ತದೆ. ಅದಕ್ಕೆ ಮನೆಗೆ ಬಂದವರೆಲ್ಲ ನಗುಮುಖ ಮಾಡಿಕೊಂಡು ತಾಯಿಗೆ ಅದನ್ನೇ ಹೇಳಬೇಕು. ಓತೀಲಿಯಾಳ ತಾಯಿಗೂ ಊರ ಹೆಂಗಸರು ಎರಡು ಸಲ ಹಾಗೆ ಹೇಳಿದ್ದರಂತೆ. ಅದು ನಮ್ಮಲ್ಲಿ ಸಮಾಧಾನದ ಮಾತು. ಅದಕ್ಕಿಂತ ದೊಡ್ಡ ಸಮಾಧಾನ ನಮಗೆ ಗೊತ್ತೇ ಇಲ್ಲ.

ಹೆಟ್ಟಿಯನ್ನು ಮಣ್ಣು ಮಾಡಿ ಬಂದ ಮೇಲೆ ವೆಲ್ಬಿಯವರ ಮನೆಯಲ್ಲಿ ಯಾರೂ ಮಗುವಿನ ಹೆಸರೆತ್ತಲಿಲ್ಲ. ಟೀ ಕುಡಿದರು, ಗಾಳಿ ಮಳೆಯ ಮಾತಾಡಿದರು, ಎದ್ದು ಹೋದರು. ಹೆಟ್ಟಿಯ ತಾಯಿ ಮಿಸೆಸ್ ವೆಲ್ಬಿ ಒಬ್ಬಳೇ ಮೆಟ್ಟಿಲ ಮೇಲೆ ಕೂತು ಬಾಯಿಗೆ ಕೈ ಒತ್ತಿಕೊಂಡು ಅಳುತ್ತಿದ್ದಳು. ಓತೀಲಿಯಾಳಿಗೆ ತಡೆಯಲಾಗಲಿಲ್ಲ. ಹೋಗಿ ಪಕ್ಕದಲ್ಲಿ ಕೂತು, ನಮ್ಮವರ ಹಾಗೆ ಮುಖ ಅರಳಿಸಿ, ತನಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ ಹೇಳಿದಳು:

"ಮಮ್ಮಿ, ಅಳ್ಬಾದು. ಹೆಟ್ಟಿ ಪುಟಾಣಿ ದೇವ್ರು ಆಗಿದಾಳೆ. ನೀ ಅತ್ರೆ ರೆಕ್ಕೆ ಒದ್ದೆ ಆಗ್ತದೆ, ಢುಂ ಅಂತ ಬಿದ್ದೋಗ್ತಾಳೆ."

ಮಗುವಿನ ಮಾತು, ಮಗುವಿನ ದನಿ, ನಗುವ ಮುಖ. ಆ ತಾಯಿ ಚೀರಿದ ಚೀರು ಬೀದಿಗೆ ಕೇಳಿಸಿತಂತೆ. ಓತೀಲಿಯಾಳ ಪೆಟ್ಟಿಗೆ ಅದೇ ಸಂಜೆ ಗೇಟಿನ ಹೊರಗಿತ್ತು. ಸ್ವಲ್ಪ ದಿನಕ್ಕೆ ವೆಲ್ಬಿಯವರು ಮನೆ ಮಾರಿ ಇಂಗ್ಲೆಂಡಿಗೆ ಹೊರಟುಹೋದರು.

ಮುಂದಿನದೆಲ್ಲ ನಾನು ಕಣ್ಣಾರೆ ನೋಡಿದ್ದು. ಓತೀಲಿಯಾ ಹೋಟೆಲು ಸೇರಿದಳು, ಮದುವೆಯಾಗಲಿಲ್ಲ, ಕೂದಲು ಬೆಳ್ಳಗಾಯಿತು. ಇಂಗ್ಲಿಷ್ ಮಾತ್ರ ಐದು ವರ್ಷದ್ದೇ ಉಳಿಯಿತು. ಒಮ್ಮೆ ಏಣಿಯಿಂದ ಬಿದ್ದು ಮ್ಯಾನೇಜರನ ಮುಂದೆ ನಿಂತು, "ಕಾಲಿಗೆ ಉವ್ವಾ ಆಯ್ತು, ಉಫ್ ಮಾಡು" ಎಂದಳು. ಆತ ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿಕೊಂಡ. ಊಟದ ಹೊತ್ತಿಗೆ ಜುವೆನಾಲ್ ಅವಳನ್ನು ರೇಗಿಸದ ದಿನವಿಲ್ಲ.

"ಏನಮ್ಮಾ ಪಾಪು, ಮಮ್ಮು ತಿಂದ್ಯಾ?"

"ತಿಂದೆ ಕಣೋ. ನಿನ್ ಕೈ ಅಡುಗೆ ತಿಂದು ಬದುಕಿದೀನಲ್ಲ, ಅದಕ್ಕೇ ಚರ್ಚಲ್ಲಿ ಒಂದ್ ಪೂಜೆ ಮಾಡಿಸ್ಬೇಕು" ಎಂದು ಅವಳು ನಮ್ಮ ಭಾಷೆಯಲ್ಲಿ ತಿರುಗಿಸಿ ಕೊಡುತ್ತಿದ್ದಳು. ಪೋರ್ಚುಗೀಸಿನಲ್ಲಿ ಅವಳ ನಾಲಗೆಗೆ ಎದುರಿಲ್ಲ.

ಕಷ್ಟ ಅವಳೊಬ್ಬಳದೇ ಅಲ್ಲ ಬಿಡಿ. ಈ ಇಂಗ್ಲಿಷ್ ಜನ ಹೇಗಿದ್ದೀರಿ ಎಂದು ಕೇಳುತ್ತಾರೆ, ಉತ್ತರಕ್ಕೆ ನಿಲ್ಲುವುದಿಲ್ಲ. ನಾನು ಶುರುವಿನಲ್ಲಿ ನಿಜವೆಂದು ನಂಬಿ ನನ್ನ ಮಂಡಿನೋವು, ಗಂಡನ ಕುಡಿತ ಎಲ್ಲ ಹೇಳಿಕೊಳ್ಳುತ್ತಾ ಒಬ್ಬಾತನ ಹಿಂದೆ ಕಾರಿನವರೆಗೂ ಹೋಗಿದ್ದೆ. ಯಾವತ್ತಾದರೂ ಟೀಗೆ ಬನ್ನಿ ಎಂದ ಒಬ್ಬ ಹೆಂಗಸಿನ ಮನೆಗೆ ಓತೀಲಿಯಾ ಭಾನುವಾರ ಕೇಕು ಹಿಡಿದು ಹೋದಳು. ಆಕೆ ಬಾಗಿಲು ಅರ್ಧ ತೆರೆದು, ಯಾರೋ ಸತ್ತ ಸುದ್ದಿ ತಂದಿದ್ದಾಳೆಂದು ಹೆದರಿದಳಂತೆ. ಇಂಥದ್ದಕ್ಕೆಲ್ಲ ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಆ ಮೆಟ್ಟಿಲ ಮೇಲಿನ ಮಾತಿಗೆ ಮಾತ್ರ ಓತೀಲಿಯಾ ಎಂದೂ ನಗಲಿಲ್ಲ.

ಖಾಲಿ ಕೋಣೆಗಳಲ್ಲಿ ಅವಳು ಒಬ್ಬಳೇ ಇಂಗ್ಲಿಷ್ ಆಡುತ್ತಿದ್ದಳು. ದಿಂಬು ಬಡಿಯುತ್ತಾ, "ಏಳು ಏಳು, ಬೆಳ್ಗಾಯ್ತು" ಎನ್ನುವುದು. ಹೊದಿಕೆ ಮಡಿಸುತ್ತಾ, "ನಂಗೆ ತಾಚಿ ಬೇಡ, ಇನ್ನೊಂದ್ ಕತೆ" ಎನ್ನುವುದು. ತಾನೇ ಕೇಳುವುದು, ತಾನೇ ಹೇಳುವುದು. ಒಮ್ಮೆ ಬಾಗಿಲಲ್ಲಿ ನಿಂತು ನೋಡಿದೆ. ಅವಳ ಬೆನ್ನು ನನ್ನ ಕಡೆಗಿತ್ತು. ಮಗುವಿನ ನಗು ಕೇಳಿಸಿತು. ನಾನು ಹಿಂದೆ ಸರಿದೆ.

"ಕುಮಾದ್ರೆ, ಅವಳ ಜೊತೆ ಮಾತಾಡ್ತೀಯಾ ನೀನು?" ಎಂದು ಆಮೇಲೆ ಕೇಳಿದೆ.

"ಅವಳ ಜೊತೆ ಅಲ್ವೇ. ಅವಳೇ ಮಾತಾಡೋದು. ನಾನು ಬಾಯಿ ಕೊಡ್ತೀನಿ, ಅಷ್ಟೇ."

ಅವಳು ಇದನ್ನು ನೀರು ಕೊಡುತ್ತೇನೆ ಎನ್ನುವಷ್ಟು ಸಲೀಸಾಗಿ ಹೇಳಿದಳು.

ಹೀಗಿರುವಾಗ ಒಂದು ಶನಿವಾರ ಅವಳು ಮಾರ್ಕೆಟ್ಟಿನಿಂದ ಬರಿಗೈಯಲ್ಲಿ ಬಂದಳು. ತುಟಿ ಬಣ್ಣಗೆಟ್ಟಿತ್ತು.

"ಮಿಸೆಸ್ ವೆಲ್ಬಿ ಬಂದಿದಾಳೆ. ಹೂವಿನಂಗಡಿ ಹತ್ರ ನಿಂತಿದ್ಲು. ಮುದುಕಿ ಆಗೋಗಿದಾಳೆ ಕಣೇ, ಕೋಲು ಹಿಡ್ಕೊಂಡಿದಾಳೆ."

"ನಿನ್ನ ಗುರುತು ಹಿಡಿದ್ಲಾ?"

"ಗೊತ್ತಿಲ್ಲ. ನಾನು ಹೂವಿನವನ ಹತ್ರ ಚೌಕಾಸಿ ಮಾಡ್ತಿದ್ದೆ. ತಿರುಗಿ ನೋಡಿದ್ರೆ ಹಿಂದೇನೇ ನಿಂತಿದಾಳೆ. ಹೂವು ಅಲ್ಲೇ ಬಿಟ್ಟು ಓಡಿ ಬಂದೆ." ಕುರ್ಚಿ ಎಳೆದು ಕೂತು ಹೇಳಿದಳು, "ಅವಳಿಗೆ ಹೇಳ್ಬೇಕು ಕುಮಾದ್ರೆ. ನಾನು ಅವತ್ತು ಅಣಕಿಸ್ಲಿಲ್ಲ, ಸಮಾಧಾನ ಹೇಳಿದ್ದು ಅಂತ. ನಾನು ಸಾಯೋದ್ರೊಳಗೆ ಅವಳಿಗೆ ಇದು ಅರ್ಥ ಆಗ್ಬೇಕು. ಆದ್ರೆ ಈ ಬಾಯಲ್ಲಿ ಹೇಗೆ ಹೇಳ್ಲಿ? ಬಾಯಿ ತೆಗೆದ್ರೆ ಮತ್ತೆ ಅದೇ ಆಗುತ್ತೆ."

ಆ ಸೋಮವಾರವೇ ಅವಳು ಚರ್ಚಿನ ಹಿಂದಿನ ಹಾಲಿನಲ್ಲಿ ನಡೆಯುವ ಇಂಗ್ಲಿಷ್ ತರಗತಿಗೆ ಸೇರಿದಳು. ಹೇಳಿಕೊಡುವವರು ಲೆ ಬ್ರೋಕ್ ಮೇಷ್ಟ್ರು. ಒಳ್ಳೆಯ ಮನುಷ್ಯ, ತಪ್ಪನ್ನು ಕಂಡರೆ ಕಾಲಿಗೆ ಮುಳ್ಳು ಚುಚ್ಚಿದವರಂತೆ ಮುಖ ಮಾಡುತ್ತಿದ್ದರು. ದೊಡ್ಡವರು ಹೀಗೆ ಹೇಳುವುದಿಲ್ಲ, ಹೀಗೆ ಹೇಳುತ್ತಾರೆ ಎಂದು ಅವಳ ಒಂದೊಂದು ಮಾತನ್ನೂ ಕಿತ್ತು ಅಲ್ಲಿ ಇನ್ನೊಂದನ್ನು ನೆಟ್ಟರು. ಕಲಿಯುವಷ್ಟು ದಿನವೂ ಅವಳು ಮಾರ್ಕೆಟ್ಟಿನ ಕಡೆ ತಲೆ ಹಾಕಲಿಲ್ಲ. ಪೂರ್ತಿ ಕಲಿತ ಮೇಲೆಯೇ ಆ ತಾಯಿಯ ಕಣ್ಣಿಗೆ ಬೀಳುತ್ತೇನೆ ಎಂದು ಹಟ ಹಿಡಿದಳು. ಎರಡು ಚಳಿಗಾಲ ಕಳೆದವು.

ಅವಳ ಮಾತು ಬದಲಾದದ್ದು ನಮಗೆ ಗೊತ್ತಾಗಿದ್ದು ಹೋಟೆಲಿನ ಮೌನದಿಂದ. ಹೊಸ ಹುಡುಗಿಯರು ಈಗ ಯಾರೂ ಓಡಿ ಬರುತ್ತಿರಲಿಲ್ಲ. ಓತೀಲಿಯಾ ಕೋಣೆಯೊಳಗಿದ್ದರೆ ಬಟ್ಟೆ ಕೊಡವುವ ಸದ್ದೊಂದೇ. ನನಗೆ ಅದು ಮೊದಲಿನ ಸದ್ದಿಗಿಂತ ಹೆಚ್ಚು ಹೆದರಿಕೆ ತಂದಿತು.

"ಇತ್ತೀಚೆಗೆ ಒಬ್ಬಳೇ ಮಾತಾಡಲ್ವಲ್ಲ ನೀನು?"

"ಅವಳು ಬರ್ತಿಲ್ಲ" ಎಂದಳು. "ಮೇಷ್ಟ್ರ ಮಾತು ಅವಳಿಗೆ ಹಿಡಿಸ್ತಿಲ್ವೇನೋ. ಮುನಿಸ್ಕೊಂಡಿದಾಳೆ. ಬರ್ತಾಳೆ ಬಿಡು."

ಆ ವಸಂತದಲ್ಲಿ ವಿಳಾಸ ಹುಡುಕಿ ಇಬ್ಬರೂ ಹೋದೆವು. ಈ ಜನರ ರೀತಿಯಂತೆ ಮೊದಲೇ ಫೋನು ಮಾಡಿ, ಸಮಯ ಕೇಳಿ, ಅದೇ ಸಮಯಕ್ಕೆ ಹೋದೆವು. ಮಿಸೆಸ್ ವೆಲ್ಬಿ ತಾನೇ ಬಾಗಿಲು ತೆರೆದಳು. ತೆಳ್ಳಗೆ, ನೆಟ್ಟಗೆ, ಕೋಲು ಹಿಡಿದು ನಿಂತಿದ್ದಳು. ಗೋಡೆಯ ಮೇಲೆ ಹಡಗುಗಳ ಚಿತ್ರವಿತ್ತು, ಮಗುವಿನದು ಒಂದೂ ಇರಲಿಲ್ಲ. ಟೀ ಬಂತು. ಓತೀಲಿಯಾ ಬಟ್ಟಲು ಕೆಳಗಿಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡು ಮಾತು ಶುರುಮಾಡಿದಳು.

"ಮೇಡಂ, ನಾನು ತಮ್ಮಲ್ಲಿ ಕ್ಷಮೆ ಕೋರಲು ಬಂದಿದ್ದೇನೆ. ಅಂದು ನಾನಾಡಿದ ಮಾತು ತಮಗೆ ನೋವು ತಂದಿತು. ನನ್ನ ಊರಿನಲ್ಲಿ ಮಗುವನ್ನು ಕಳೆದುಕೊಂಡ ತಾಯಿಗೆ ಹಾಗೆ ಹೇಳುವುದು ಪದ್ಧತಿ. ಅದು ಸಾಂತ್ವನದ ಮಾತು. ನಾನು ತಮ್ಮ ಮಗಳನ್ನು ಬಹಳ ಪ್ರೀತಿಸುತ್ತಿದ್ದೆ."

ಒಂದೂ ತಪ್ಪಿಲ್ಲ. ಲೆ ಬ್ರೋಕ್ ಮೇಷ್ಟ್ರು ಇದ್ದಿದ್ದರೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ನನಗೆ ಹೆಮ್ಮೆಯಿಂದ ಕಣ್ಣು ತುಂಬಿತು. ಮಿಸೆಸ್ ವೆಲ್ಬಿ ಮಾತ್ರ ತಲೆಯನ್ನು ಒಂದು ಕಡೆ ಓರೆ ಮಾಡಿ, ಇನ್ನೂ ಏನೋ ಬರಲಿದೆ ಎಂಬಂತೆ ಕಾಯುತ್ತಿದ್ದಳು.

"ನೀನು ಅಣಕಿಸಲಿಲ್ಲ ಅಂತ ನಂಗೆ ಆಗ್ಲೇ ಗೊತ್ತಿತ್ತು" ಎಂದಳು ಕೊನೆಗೆ. "ನೀನು ಹೇಳಿದ್ದಕ್ಕಲ್ಲ ನಿನ್ನ ಕಳಿಸಿದ್ದು. ಹೇಳಿದ ದನಿಗೆ. ಅದು ನನ್ನ ಮಗಳ ದನಿ. ಅವತ್ತು ಅದನ್ನ ತಡ್ಕೊಳೋಕೆ ಆಗ್ಲಿಲ್ಲ ನಂಗೆ." ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಎರಡು ವರ್ಷದ ಹಿಂದೆ ಮಾರ್ಕೆಟ್ಟಲ್ಲಿ ನೀನು ಹೂವಿನವನ ಹತ್ರ ಮಾತಾಡ್ತಿದ್ದೆ. ಹಿಂದೆ ನಿಂತು ಕೇಳಿದೆ. ಅವಳೇ ಮಾತಾಡಿದ ಹಾಗಿತ್ತು. ಆಮೇಲೆ ಪ್ರತಿ ಶನಿವಾರ ಹೋದೆ. ನೀನು ಬರಲೇ ಇಲ್ಲ."

ಓತೀಲಿಯಾ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

"ಇನ್ನೊಂದ್ ಸಲ ಹಾಗೆ ಮಾತಾಡ್ತೀಯಾ?" ಎಂದಳು ಮುದುಕಿ. ಈ ಜನ ಏನನ್ನೂ ಹಾಗೆ ಬಾಯಿಬಿಟ್ಟು ಕೇಳುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. "ಏನಾದ್ರೂ ಸರಿ. ಬೆಕ್ಕಿನ ವಿಷ್ಯ, ಮಳೆ ವಿಷ್ಯ. ಏನಾದ್ರೂ."

ಓತೀಲಿಯಾ ಕಣ್ಣು ಮುಚ್ಚಿದಳು. ತುಟಿ ಅಲುಗಿತು. "ನನಗೆ ನಿದ್ರೆ" ಎಂದು ಶುರುಮಾಡಿ ನಿಲ್ಲಿಸಿದಳು. ಅದು ತರಗತಿಯ ಮಾತು. ಮತ್ತೆ ಉಸಿರೆಳೆದುಕೊಂಡು, ದನಿ ಸಣ್ಣಗೆ ಮಾಡಿ, "ನಂಗೆ ತಾಚಿ ಬೇಡ, ಇನ್ನೊಂದ್ ಕತೆ" ಎಂದಳು.

ಮಾತು ಅದೇ. ಆದರೆ ಅದು ಮಗುವಿನದಾಗಿರಲಿಲ್ಲ. ಮಗುವಿನ ಹಾಗೆ ನಟಿಸುವ ಒಬ್ಬ ಮುದುಕಿಯದಾಗಿತ್ತು. ಕೇಳಲು ಅಸಹ್ಯವಾಯಿತು, ಸುಳ್ಳೇಕೆ ಹೇಳಲಿ. ಅವಳು ಇನ್ನೊಮ್ಮೆ ಬಾಯಿ ತೆರೆದಳು. ಮಿಸೆಸ್ ವೆಲ್ಬಿ ಮೆಲ್ಲಗೆ ಕೈಯೆತ್ತಿ ತಡೆದಳು.

ಆಮೇಲೆ ಬಟ್ಟಲು ಕೆಳಗಿಟ್ಟು, ಕೋಲು ಊರಿ ಎದ್ದು ನಿಂತಳು. ಮುಖದ ಮೇಲೆ ಈ ಜನರ ಆ ಸಭ್ಯ ನಗು ಬಂದಿತ್ತು.

"ನಿಮ್ಮ ಇಂಗ್ಲಿಷ್ ಈಗ ತುಂಬಾ ಚೆನ್ನಾಗಿದೆ" ಎಂದಳು.

"ಧನ್ಯವಾದಗಳು ಮೇಡಂ" ಎಂದಳು ಓತೀಲಿಯಾ.

ಹೊರಗೆ ಬಿಸಿಲಿತ್ತು. ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತು ಕೈಚೀಲದ ಹಿಡಿಯನ್ನು ತಿರುಚುತ್ತಿದ್ದಳು. ಸಮುದ್ರದ ದಾರಿ ಮುಗಿಯುವ ಹೊತ್ತಿಗೆ ಅವಳೇ ಮಾತಾಡಿದಳು, ನಮ್ಮ ಭಾಷೆಯಲ್ಲಿ, ತೀರಾ ಮೆಲ್ಲಗೆ.

"ಮೊದಲ್ನೇ ಸಲ ಸತ್ತಾಗ ಮಗುಗೆ ಜ್ವರ ಆದ್ರೂ ಇತ್ತು ಕುಮಾದ್ರೆ. ಈ ಸಲ ಏನೂ ಇರ್ಲಿಲ್ಲ. ಚೆನ್ನಾಗೇ ಇದ್ಲು."